ತೋಳಿನ ಸುತ್ತಳತೆ ಬಲದ ಅಳತೆಯಲ್ಲ



ಜಿಮ್ಮಿಗೆ ಸೇರಿ ತಿಂಗಳಾಗುವಷ್ಟರಲ್ಲಿ ತೋಳಿಗೆ ಟೇಪು ಸುತ್ತಿ, ಅಳತೆ ಹೆಚ್ಚಲಿಲ್ಲವೆಂದು ಕಂಗೆಟ್ಟು, ಪುಡಿಯ ಡಬ್ಬಿಗೂ ಅಲ್ಲಿಂದ ಸೂಜಿಗೂ ಕೈಚಾಚುವ ತರುಣರಿದ್ದಾರೆ. ಅವರಿಗಿಂತಲೂ, ‘ಇಷ್ಟು ದಿನವಾದರೂ ಮೈ ತುಂಬಲಿಲ್ಲವಲ್ಲ’ ಎಂದು ಹಂಗಿಸುವ ಮನೆಮಂದಿಯ ಮೇಲೆ ನನ್ನ ಆಕ್ಷೇಪ ಹೆಚ್ಚು.

ಸ್ನಾಯುವು ತಾನಾಗಿ ದುಡಿಯುವುದಿಲ್ಲ. ಮಿದುಳಿನ ಆಜ್ಞೆ ಬೆನ್ನುಹುರಿಗಿಳಿದು, ಚಾಲಕ ನರಗಳ ಮೂಲಕ ಸ್ನಾಯುತಂತುಗಳ ಗುಂಪುಗಳನ್ನು ತಲುಪಬೇಕು. ಹಗುರ ಕೆಲಸಕ್ಕೆ ಸಣ್ಣ ಗುಂಪುಗಳು ಸಾಕು. ಭಾರ ಹೆಚ್ಚಿದಂತೆ ದೊಡ್ಡವು ಸರದಿಯಿಂದ ಸೇರಿಕೊಳ್ಳುತ್ತವೆ. ಪಳಗದವನಲ್ಲಿ ದೊಡ್ಡ ಗುಂಪುಗಳು ಪೂರ್ತಿಯಾಗಿ ಏಳುವುದಿಲ್ಲ. ಸಾಲದೆಂಬಂತೆ ಎದುರು ಸ್ನಾಯುಗಳೂ ಬಿಗಿದು ಅಡ್ಡಿಮಾಡುತ್ತವೆ. ಮೊದಲ ವಾರಗಳ ತಾಲೀಮು ತಿದ್ದುವುದು ಮುಖ್ಯವಾಗಿ ಇದನ್ನೇ.

ಇದು ಬರಿಯ ಊಹೆಯಲ್ಲ. 1894ರಲ್ಲಿಯೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಒಂದು ಕೈಗೆ ಮಾತ್ರ ಅಭ್ಯಾಸ ಕೊಟ್ಟಾಗ ಇನ್ನೊಂದು ಕೈಯ ಬಲವೂ ಹೆಚ್ಚಿತು. ಅಭ್ಯಾಸವಿಲ್ಲದ ಕೈಗೆ ಆ ಬಲ ಬಂದದ್ದು ನರಮಂಡಲದಿಂದಲ್ಲದೆ ಇನ್ನೆಲ್ಲಿಂದ? 1979ರಲ್ಲಿ ಮೊರಿತಾನಿ ಮತ್ತು ಡಿವ್ರೀಸ್ ಎಂಟು ವಾರಗಳ ತಾಲೀಮನ್ನು ಅಳೆದು, ಆರಂಭದ ಬಲವೃದ್ಧಿಯಲ್ಲಿ ನರಗಳ ಪಾಲೇ ಹೆಚ್ಚು, ಸ್ನಾಯುಬೆಳವಣಿಗೆ ಮುಂದಾಗುವುದು ಮೂರರಿಂದ ಐದು ವಾರಗಳ ನಂತರ ಎಂದು ತೋರಿಸಿದರು.

ನಮ್ಮ ಯಡ್ರಾಮಿ ಸೀಮೆಯವರಿಗೆ ಇದರಲ್ಲಿ ಅಚ್ಚರಿಯೇನಿದೆ? ಸಣಕಲು ಮೈಯ ಹಮಾಲನೊಬ್ಬ ಕ್ವಿಂಟಲ್ ಚೀಲವನ್ನು ಬೆನ್ನಿಗೇರಿಸಿಕೊಂಡು ನಡೆದದ್ದನ್ನು ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲೆತ್ತುವವನು ನೇರವಾಗಿ ದೊಡ್ಡ ಕಲ್ಲಿಗೆ ಕೈಹಾಕಿದವನಲ್ಲ. ಗರಡಿಯ ಉಸ್ತಾದನು ಕಾಲಿನ ನಿಲುವು, ಸೊಂಟದ ಬಾಗು, ಉಸಿರಿನ ಹಿಡಿತಗಳನ್ನು ತಿದ್ದುತ್ತ ಕಲಿಸುತ್ತಿದ್ದುದು ನರಗಳಿಗೆ ಪಾಠ. ಆ ಹೆಸರು ಮಾತ್ರ ಅವನಿಗೆ ಬೇಕಿರಲಿಲ್ಲ.

ಸ್ನಾಯು ಬೆಳೆಯಬೇಕಿಲ್ಲವೆಂದು ನಾನು ಹೇಳುತ್ತಿಲ್ಲ. ಬೆಳೆಯಲಿ, ಅದಕ್ಕೆ ತಿಂಗಳುಗಳ ಭಾರ, ಹೊಟ್ಟೆತುಂಬ ರೊಟ್ಟಿ, ಬೇಳೆ, ಶೇಂಗಾ, ಮೊಟ್ಟೆ, ನಿದ್ರೆ ಬೇಕು. ವೈದ್ಯರ ಸಲಹೆಯಿಲ್ಲದ ಸ್ಟೀರಾಯ್ಡ್ ಚುಚ್ಚುಮದ್ದಾದರೋ ಹೃದಯಕ್ಕೆ ಕುತ್ತು ತರಬಲ್ಲದು, ದೇಹವು ತಾನೇ ತಯಾರಿಸುವ ಟೆಸ್ಟೋಸ್ಟಿರೋನನ್ನೂ ಕುಗ್ಗಿಸುತ್ತದೆ. ನಾಲ್ಕು ವಾರ ಕಾಯಲಾರದ್ದಕ್ಕೆ ಇಷ್ಟು ದೊಡ್ಡ ದಂಡವೇ?

ಆದ್ದರಿಂದ ಮೊದಲ ಎರಡು ತಿಂಗಳು ಟೇಪನ್ನು ಪೆಟ್ಟಿಗೆಯಲ್ಲಿಡಿ. ಎತ್ತಿದ ಭಾರವನ್ನೂ ಎತ್ತಿದ ಸಲವನ್ನೂ ನೋಟುಪುಸ್ತಕದಲ್ಲಿ ಬರೆಯಿರಿ. ಅಂಕಿ ಏರುತ್ತಿದ್ದರೆ ಹುಡುಗ ಪಾಠ ಕಲಿಯುತ್ತಿದ್ದಾನೆಂದೇ ಅರ್ಥ. ಕಲಿಯುವವನನ್ನು ಹಂಗಿಸಬೇಡಿ.