ಪಾಸ್‌ಪೋರ್ಟು ಯಾರ ಪೆಟ್ಟಿಗೆಯಲ್ಲಿದೆ?

ಕಳೆದ ಭಾನುವಾರ ಪನಗಲ್ ಪಾರ್ಕಿನಲ್ಲಿ ಕುಳಿತಿದ್ದಾಗ ಪರಿಚಯದ ಹುಡುಗನೊಬ್ಬ ಬಂದು ಪಕ್ಕದಲ್ಲಿ ಕುಳಿತ. ಕುಂದಾಪುರದ ಕಡೆಯವನು. ನಾಲ್ಕು ವರ್ಷದಿಂದ ಪಾಂಡಿ ಬಜಾರಿನ ಹೋಟೆಲೊಂದರಲ್ಲಿ ಸಪ್ಲೈಯರ್. "ಅಣ್ಣ, ಕುವೈತಿಗೆ ವೀಸಾ ಬಂತು. ಏಜೆಂಟ ಒಂದೂವರೆ ಲಕ್ಷ ಕೇಳ್ತಾನೆ. ಹೋಪುದಾ, ಬ್ಯಾಡ್ದಾ?" ಎಂದು ಕೇಳಿದ. ನಾನು 1997ರಿಂದ ಒಂಬತ್ತು ವರ್ಷ ದುಬೈಯ ಹೋಟೆಲಿನಲ್ಲಿ ದುಡಿದು ಬಂದವನೆಂಬುದು ಅವನಿಗೆ ಗೊತ್ತು. ಇಂಥ ಪ್ರಶ್ನೆ ಅವನೊಬ್ಬನದಲ್ಲ. ಆದುದರಿಂದ ಅವನಿಗೆ ಹೇಳಿದ್ದನ್ನೇ ನಮ್ಮ ಬಂಧುಗಳೆಲ್ಲರ ಮುಂದೆ ಇಡುತ್ತಿದ್ದೇನೆ.

ಹೋಗಬೇಡ ಎಂದು ನಾನು ಹೇಳಲಾರೆ. ನನ್ನ ಇಬ್ಬರು ತಂಗಿಯರ ಮದುವೆಯಾದದ್ದು ಅಲ್ಲಿಯ ದುಡ್ಡಿನಿಂದಲೇ. ಮನೆಯ ಸೋಗೆ ಹೋಗಿ ಹೆಂಚು ಬಂದದ್ದೂ ಅದರಿಂದಲೇ. ಆ ದೇಶಗಳು ನಮಗೆ ತೀರ ಹೊಸವೂ ಅಲ್ಲ. ನಮ್ಮ ರಿಸರ್ವ್ ಬ್ಯಾಂಕು 1959ರಲ್ಲಿ ಆ ಸೀಮೆಗೆಂದೇ ಬೇರೆ ರೂಪಾಯಿ ನೋಟು ಅಚ್ಚು ಹಾಕಿಸಿತ್ತು. 1966ರವರೆಗೂ ಅಲ್ಲಿ ಕೆಲವೆಡೆ ಅದು ಚಲಾವಣೆಯಲ್ಲಿತ್ತು. 1973ರಲ್ಲಿ ಎಣ್ಣೆಯ ಬೆಲೆ ಏರಿದ ಮೇಲೆ ಗಾಳಿ ತಿರುಗಿತು. ಅಲ್ಲಿಯ ದಿನಾರು, ದಿರ್ಹಮ್ಮುಗಳನ್ನು ಅರಸಿ ನಾವು ಹೊರಟೆವು. 1977ರಲ್ಲಿ ಬಹ್ರೇನಿನಲ್ಲಿ ಕನ್ನಡ ಸಂಘ ಹುಟ್ಟಿತೆಂದರೆ ಅಷ್ಟರಲ್ಲೇ ಎಷ್ಟು ಕನ್ನಡಿಗರು ಅಲ್ಲಿ ಸೇರಿದ್ದರೆಂದು ಊಹಿಸಬಹುದು.

ಅಲ್ಲಿಯ ದಿನಚರಿ ಹೇಗಿರುತ್ತದೆಂದು ಹುಡುಗ ಕೇಳಿದ. ನಮ್ಮದು ಒಂದು ಕೋಣೆ, ಎಂಟು ಜನ. ಮಂಚದ ಮೇಲೆ ಮಂಚ. ಕೆಳಗಿನವನು ಹಗಲು ಪಾಳಿಗೆ ಎದ್ದು ಹೋದರೆ ರಾತ್ರಿ ಪಾಳಿಯವನು ಬಂದು ಅದೇ ಹಾಸಿಗೆಯಲ್ಲಿ ಮಲಗುತ್ತಿದ್ದ. ಕುಬ್ಬೂಸ್ ಎಂಬ ಅಗ್ಗದ ರೊಟ್ಟಿ, ಬೇಳೆಸಾರು. ಶುಕ್ರವಾರ ಬಿಡುವು ಸಿಕ್ಕರೆ ಬಟ್ಟೆ ಒಗೆಯುವುದು, ಕುಚ್ಚಲಕ್ಕಿ ಗಂಜಿ ಬೇಯಿಸುವುದು, ಊರಿಗೆ ಫೋನು ಮಾಡಲು ಸಾಲಿನಲ್ಲಿ ನಿಲ್ಲುವುದು. ಈಗ ಆ ರಾಜ್ಯದಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಬಿಸಿಲಿನಲ್ಲಿ ದುಡಿಯುವವರಿಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ವಿಶ್ರಾಂತಿ ಕೊಡಬೇಕೆಂಬ ನಿಯಮವಿದೆ. ಒಲೆಯ ಮುಂದೆ ನಿಂತವನಿಗೆ ಅದು ಅನ್ವಯಿಸುವುದಿಲ್ಲ. ಅವನಿಗೆ ಬಿಸಿಲು ಒಳಗೇ ಇದೆ.

ಆದರೆ ಸುಳ್ಳು ಹೇಳಬಾರದು. ರಂಜಾನಿನಲ್ಲಿ ಸಂಜೆಯಾದರೆ ಮಸೀದಿಯ ಬದಿಯ ಡೇರೆಯಲ್ಲಿ ಹಾಸಿ ಕೂರಿಸಿ, ಜಾತಿ ಮತ ಕೇಳದೆ ಖರ್ಜೂರ, ಅನ್ನ ಬಡಿಸುತ್ತಿದ್ದರು. ಅಲ್ಲಿ ನಾನೂ ಉಂಡಿದ್ದೇನೆ. ಗಿರಾಕಿಗಳು ನಮ್ಮನ್ನು "ರಫೀಕ್" ಎಂದು ಕರೆಯುತ್ತಿದ್ದರು, ಎಂದರೆ ಗೆಳೆಯ. ಊರಿನ ಹೋಟೆಲಿನಲ್ಲಿ ನಾನು ಮಾಣಿ, ಟಿ. ನಗರದಲ್ಲಿ ತಂಬಿ, ದುಬೈಯಲ್ಲಿ ರಫೀಕ್. ಮೂರು ಕಡೆಯೂ ಒಯ್ದದ್ದು ಅದೇ ತಟ್ಟೆ. ಹಾಗಾದರೆ ವ್ಯತ್ಯಾಸವೆಲ್ಲಿ?

ನಾನು ಹುಡುಗನಾಗಿ ಮದರಾಸಿಗೆ ಬಂದಾಗ ತಮಿಳಿನ ಒಂದಕ್ಷರ ಬರುತ್ತಿರಲಿಲ್ಲ. ಮಾಂಬಳಂ ಸ್ಟೇಷನ್ನಿನಲ್ಲಿ ಇಳಿದು ಅತ್ತದ್ದೂ ಉಂಟು. ಆದರೂ ಮೊದಲನೆಯ ಧಣಿ ಎರಡು ತಿಂಗಳ ಸಂಬಳ ಬಾಕಿ ಇಟ್ಟಾಗ ಟವೆಲು ಹೆಗಲಿಗೆ ಹಾಕಿಕೊಂಡು ಪಕ್ಕದ ಬೀದಿಯ ಹೋಟೆಲಿಗೆ ನಡೆದೆ. ಬಾಕಿ ಹೋಯಿತು, ಕೆಲಸ ಸಿಕ್ಕಿತು. ಅದೂ ಬೇಡವೆಂದರೆ ಸೆಂಟ್ರಲಿನಲ್ಲಿ ಮಂಗಳೂರು ಮೇಲ್ ಇತ್ತು. ಈ ಊರು ನನಗೆ ಓಟು ಕೊಟ್ಟಿದೆ, ಮಕ್ಕಳಿಗೆ ಹಬೀಬುಲ್ಲಾ ರಸ್ತೆಯಲ್ಲಿ ಕರ್ನಾಟಕ ಸಂಘದ ಶಾಲೆ ಕೊಟ್ಟಿದೆ. ಎಲ್ಲಕ್ಕಿಂತ ಮುಖ್ಯವಾಗಿ, 1918ರ ಏಪ್ರಿಲಿನಲ್ಲಿ ಪೆರಂಬೂರಿನ ಮಿಲ್ಲು ಕಾರ್ಮಿಕರು ವಾಡಿಯಾ ಅವರನ್ನು ಮುಂದಿಟ್ಟುಕೊಂಡು ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದ್ದು ಈ ಊರಿನಲ್ಲೇ. ಆ ಬಿ ಅಂಡ್ ಸಿ ಮಿಲ್ಲು 1996ರಲ್ಲಿ ಮುಚ್ಚಿತು, ನಿಜ. ಆದರೆ ನಾಲ್ಕು ಜನ ಕೂಡಿ ಕೇಳುವ ಹಕ್ಕು ಮುಚ್ಚಲಿಲ್ಲ.

ಕೊಲ್ಲಿಯಲ್ಲಿ ಕೆಲಸದವನಿಗೆ ಒಬ್ಬ ಕಫೀಲ ಇರುತ್ತಾನೆ. ಅವನ ಹೊಣೆಯ ಮೇಲೆಯೇ ನಮ್ಮ ವೀಸಾ. ಕೆಲಸ ಹೋದರೆ ದೇಶದಲ್ಲಿರುವ ಹಕ್ಕೂ ಹೋಯಿತು. ಸೌದಿಯಲ್ಲಿ ಹೇಳದೆ ಕೆಲಸ ಬಿಟ್ಟವನ ಮೇಲೆ 'ಹುರೂಬ್', ಎಂದರೆ ಓಡಿಹೋದವನು, ಎಂದು ಬರೆಸುವ ಪದ್ಧತಿ ಬೆಳೆಯಿತು. ಸೌದಿಯಲ್ಲಾಗಲಿ ಸಂಯುಕ್ತ ಅರಬ್ ಸಂಸ್ಥಾನದಲ್ಲಾಗಲಿ ಯೂನಿಯನ್ ಕಟ್ಟುವಂತಿಲ್ಲ.

2002ರಲ್ಲಿ ನಮ್ಮ ತಂದೆಗೆ ಕಾಯಿಲೆ ಜೋರಾಗಿದೆಯೆಂದು ಫೋನು ಬಂತು. ನನ್ನ ಪಾಸ್‌ಪೋರ್ಟು ಹೋಟೆಲಿನ ಕಬ್ಬಿಣದ ಪೆಟ್ಟಿಗೆಯಲ್ಲಿತ್ತು. ಬೀಗದ ಕೈ ಇದ್ದದ್ದು ಹೋಟೆಲು ನಡೆಸುತ್ತಿದ್ದವನಲ್ಲಿ. ಅವನು ಅರಬನಲ್ಲ, ನಮ್ಮ ಕರಾವಳಿಯವನೇ, ನಮ್ಮ ಭಾಷೆ ಆಡುವವನೇ. "ಸೀಸನ್ನು ಮುಗಿಯಲಿ" ಎಂದ. ಆರನೆಯ ದಿನ ಕಾಲೆಳೆದುಕೊಂಡು ಕಫೀಲನ ಕಚೇರಿಗೆ ಹೋದೆ. ಆ ಮುದುಕ ಅರಬ ನನ್ನನ್ನು ಅದುವರೆಗೆ ನೋಡಿರಲೇ ಇಲ್ಲ. ವಿಷಯ ತಿಳಿದು ಫೋನಿನಲ್ಲಿ ಗದರಿದ. ಸಂಜೆಗೆ ಪಾಸ್‌ಪೋರ್ಟು ಕೈಗೆ ಬಂತು. ಊರು ಮುಟ್ಟುವಾಗ ಬೊಜ್ಜ ಮುಗಿದಿತ್ತು. ಅಂದಿನಿಂದ ನಾನು ಅರಬರನ್ನು ಬೈಯುವುದೂ ಇಲ್ಲ, ನಮ್ಮವನೆಂದು ಯಾರನ್ನೂ ನಂಬುವುದೂ ಇಲ್ಲ. ಒಬ್ಬ ಮನುಷ್ಯನ ಕಾಗದ ಇನ್ನೊಬ್ಬನ ಪೆಟ್ಟಿಗೆಯಲ್ಲಿದ್ದರೆ, ಪೆಟ್ಟಿಗೆಯವನು ಒಳ್ಳೆಯವನಾಗಿರುವುದು ಬರೀ ಅದೃಷ್ಟದ ಮಾತು.

ಕಾಯಿದೆಗಳು ಬದಲಾಗಿಲ್ಲವೆಂದಲ್ಲ. ಪಾಸ್‌ಪೋರ್ಟು ಹಿಡಿದಿಡುವುದು ಈಗ ಸಂಯುಕ್ತ ಅರಬ್ ಸಂಸ್ಥಾನದಲ್ಲಿ, ಕತಾರಿನಲ್ಲಿ ಕಾನೂನಿಗೆ ವಿರುದ್ಧ. ಮಾಲಿಕನ ಅಪ್ಪಣೆಯಿಲ್ಲದೆ ಕೆಲಸ ಬದಲಿಸಲು ಕತಾರು 2020ರಲ್ಲಿ ಅವಕಾಶ ಕೊಟ್ಟಿತು. ಮರುವರ್ಷ ತಿಂಗಳಿಗೆ ಸಾವಿರ ರಿಯಾಲು ಕನಿಷ್ಠ ಸಂಬಳವೆಂದು ಜಾರಿಗೆ ತಂದಿತು. ಆದರೆ ಈ ಹುಡುಗ ಹೊರಟಿರುವ ಕುವೈತಿನಲ್ಲಿ ಗಾಳಿ ಬೇರೆ. ಖಾಸಗಿ ಕೆಲಸದಲ್ಲಿರುವ ಪರದೇಶಿ ದೇಶ ಬಿಡಬೇಕಾದರೆ ಮಾಲಿಕನ ಒಪ್ಪಿಗೆ ಬೇಕೆಂಬ ನಿಯಮ 2025ರ ಜುಲೈ 1ರಿಂದ ಅಲ್ಲಿ ಬಂದಿದೆ. ಅದೇ ಕುವೈತಿನ ಮಂಗಾಫ್‌ನಲ್ಲಿ 2024ರ ಜೂನ್ 12ರ ಬೆಳಗಿನ ಜಾವ ಕಾರ್ಮಿಕರು ತುಂಬಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. 45 ಭಾರತೀಯರ ಶವಗಳನ್ನು ವಾಯುಸೇನೆಯ ವಿಮಾನ ಹೊತ್ತು ತಂದಿತು. ಅವರಲ್ಲಿ ಏಳು ಮಂದಿ ತಮಿಳುನಾಡಿನವರು. ಒಬ್ಬ ನಮ್ಮ ಕಲಬುರಗಿಯ ಕಡೆಯವನು.

ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಹತ್ತನೆಯ ತರಗತಿ ಪಾಸಾಗದವನು ಈ ದೇಶಗಳಿಗೆ ಕೆಲಸಕ್ಕೆ ಹೋಗಲು 1983ರ ವಲಸೆ ಕಾಯಿದೆಯ ಪ್ರಕಾರ ಸರ್ಕಾರದ ಅನುಮತಿ ಬೇಕು. ಅದನ್ನು ಕೊಡುವ ಕಚೇರಿ ಚೆನ್ನೈಯಲ್ಲೇ ಇದೆ. ನೋಂದಾಯಿತ ಏಜೆಂಟನು ಮೂವತ್ತು ಸಾವಿರ ರೂಪಾಯಿ ಮತ್ತು ಅದರ ತೆರಿಗೆಗಿಂತ ಹೆಚ್ಚು ಶುಲ್ಕ ಕೇಳುವಂತಿಲ್ಲ. ಒಂದೂವರೆ ಲಕ್ಷ ಕೇಳುವವನು ಯಾವ ಕಾಯಿದೆಯವನು? ಇನ್ನೂರ ಎಪ್ಪತ್ತೈದು ರೂಪಾಯಿಯ ಕಂತಿಗೆ ಎರಡು ವರ್ಷ, ಹತ್ತು ಲಕ್ಷದ ಪ್ರವಾಸಿ ವಿಮೆ ಇದೆ, ಅದನ್ನು ಬಿಡಬಾರದು. ಟೂರಿಸ್ಟ್ ವೀಸಾದಲ್ಲಿ ಹೋಗಿ ಆಮೇಲೆ ಬದಲಿಸೋಣವೆಂಬ ಮಾತಿಗೆ ಕಿವಿ ಕೊಡಬಾರದು. ಕರಾರುಪತ್ರದ ಒಂದು ಪ್ರತಿ ಮನೆಯಲ್ಲಿರಲಿ, ಪಾಸ್‌ಪೋರ್ಟು ನಿನ್ನ ಕೈಯಲ್ಲಿರಲಿ.

ಆದರೆ ಇದನ್ನೆಲ್ಲ ಪಾರ್ಕಿನ ಬೆಂಚಿನ ಮೇಲೆ ಒಬ್ಬ ಮುದುಕ ಹೇಳಿದರೆ ಸಾಲದು. ನಮ್ಮ ಸಂಘವು ಭಾನುವಾರಗಳಲ್ಲಿ ಎರಡು ಗಂಟೆ ಒಂದು ಮೇಜು, ಎರಡು ಕುರ್ಚಿ ಹಾಕಿಸಲಿ. ಹೊರಡುವವನ ಕರಾರುಪತ್ರವನ್ನು ಕನ್ನಡದಲ್ಲಿ ಓದಿ ಹೇಳುವವರು ನಮ್ಮಲ್ಲಿಲ್ಲವೇ? ವಾರ್ಷಿಕೋತ್ಸವದ ಹಾರ ತುರಾಯಿಗಳ ಖರ್ಚಿನಲ್ಲಿ ಇದು ಆಗಿಹೋಗುತ್ತದೆ.

ಇನ್ನೊಂದು ಮಾತು. ಇಂದು ಟಿ. ನಗರದ ಅಡುಗೆಮನೆಗಳಲ್ಲಿ ಪಾತ್ರೆ ತೊಳೆಯುವವರು ಒಡಿಶಾ, ಬಿಹಾರ, ಅಸ್ಸಾಮಿನ ಹುಡುಗರು. ಅವರಿಗೆ ನಮ್ಮ ಭಾಷೆ ಬರದು, ತಮಿಳೂ ಬರದು. ಅವರ ಆಧಾರ್ ಚೀಟಿ ಅವರ ಜೇಬಿನಲ್ಲಿದೆಯೋ, ಕ್ಯಾಷ್ ಟೇಬಲಿನ ಡ್ರಾಯರಿನಲ್ಲಿದೆಯೋ? ಕೊಲ್ಲಿಯ ಮಾಲಿಕನನ್ನು ಆಡಿಕೊಳ್ಳುವ ಮೊದಲು ನಾವು ಆ ಡ್ರಾಯರನ್ನು ಒಮ್ಮೆ ತೆರೆದು ನೋಡತಕ್ಕದ್ದು.

ಹುಡುಗ ಇನ್ನೂ ತೀರ್ಮಾನ ಮಾಡಿಲ್ಲ. ಬರುವ ಭಾನುವಾರ ಕರಾರುಪತ್ರ ತರುತ್ತೇನೆಂದು ಹೇಳಿ ಹೋಗಿದ್ದಾನೆ. ಅದನ್ನು ಓದಲು ಅಂದು ನನ್ನ ಜೊತೆ ಇನ್ನೂ ನಾಲ್ವರು ಇರಲಿ.