ಕಡಲಾಚೆಯಿಂದ ಬರುವ ಉಪಾಧ್ಯಾಯಿನಿಯರು

ಯುರೋಪಿನ ಸ್ನೇಹಶಾಲೆಗಳ ಉಪಾಧ್ಯಾಯಿನಿಯರು ತಮ್ಮ ಬೇಸಿಗೆಯ ರಜೆಯಲ್ಲಿ ನಮ್ಮ ನಾಡಿನ ಶಾಲೆಗಳಿಗೆ ಬಂದು ಕೆಲವು ವಾರ ಸಂಬಳವಿಲ್ಲದೆ ಸೇವೆಮಾಡುವ ಪದ್ಧತಿಯುಂಟಷ್ಟೆ. ಅವರ ಸದ್ಭಾವಕ್ಕೆ ನಾವು ಕೃತಜ್ಞರಾಗಿದ್ದೇವೆ. ಆದರೂ ಹಳೆಯ ವಿದ್ಯಾರ್ಥಿನಿಯರೊಡನೆಯೂ ಪೋಷಕರೊಡನೆಯೂ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಆಡಬೇಕಾಗಿದೆ.

ಅವರ ಬೇಸಿಗೆಯೆಂದರೆ ನಮಗೆ ಜುಲೈ, ಆಗಸ್ಟಿನ ಮಳೆಗಾಲ. ಪಾಠಗಳು ಆಗತಾನೇ ಒಂದು ಕ್ರಮಕ್ಕೆ ಬಂದಿರುತ್ತವೆ. ಆಗ ತರಗತಿಯನ್ನು ಪೂರ್ತಿಯಾಗಿ ಅತಿಥಿಗಳಿಗೆ ಒಪ್ಪಿಸಿ ನಮ್ಮ ಉಪಾಧ್ಯಾಯಿನಿಯು ಹಿಂದೆ ಸರಿಯುವುದು ತಕ್ಕದ್ದಲ್ಲವೆಂದು ನಮ್ಮ ಮತ. ಹಾಡು ಆಟಗಳಲ್ಲಿ ಹುಡುಗಿಯರು ನಲಿಯುತ್ತಾರೆ, ನಿಜ. ಆದರೆ ಭಿನ್ನರಾಶಿಯಲ್ಲಿ ತಪ್ಪಿದವಳು ತನ್ನ ಸಂದೇಹವನ್ನು ಕನ್ನಡದಲ್ಲಲ್ಲದೆ ಕೇಳಲಾರಳು; ನಕ್ಕು ಸುಮ್ಮನಾಗುತ್ತಾಳೆ. ಅತಿಥಿಗಳು ಆ ನಗುವನ್ನು ಕಂಡು ಪಾಠವು ತಿಳಿಯಿತೆಂದುಕೊಳ್ಳುತ್ತಾರೆ!

1853ರಲ್ಲಿ ಬಂದ ಬಾಸೆಲ್ ಮಿಶನ್ನಿನ ಕಿಟ್ಟೆಲ್ ಪಾದ್ರಿಗಳು ಕನ್ನಡವನ್ನು ಕಲಿತರು. ಅವರ ನಿಘಂಟು ಹೊರಬಂದದ್ದು 1894ರಲ್ಲಿ. ಮೂರು ವಾರದ ಅತಿಥಿಯಿಂದ ಅಷ್ಟನ್ನು ಅಪೇಕ್ಷಿಸುವುದು ಅನ್ಯಾಯ. ಅವರು ನಮ್ಮ ಉಪಾಧ್ಯಾಯಿನಿಯ ಪಕ್ಕದಲ್ಲಿ ನಿಂತು ಇಂಗ್ಲಿಷ್ ಸಂಭಾಷಣೆಯನ್ನು ಅಭ್ಯಾಸಮಾಡಿಸಲಿ. ಕಿಕ್ಕಿರಿದ ತರಗತಿಯನ್ನು ಆಕೆ ನಡೆಸುವ ಬಗೆಯನ್ನೂ ನೋಡಲಿ. ನಮ್ಮವರಿಗೂ ಅಲ್ಲಿಗೆ ಹೋಗಿ ಪಾಠ ಹೇಳುವ ಅವಕಾಶವಾಗಲಿ. ಈ ವರ್ಷ ನಮ್ಮ ಸ್ನೇಹಶಾಲೆಗೆ ಇದನ್ನೇ ಬರೆದಿದ್ದೇವೆ. ಉತ್ತರವು ಇನ್ನೂ ಬಂದಿಲ್ಲ.