ಮನಸ್ಸಿನ ಬಾಗಿಲಿಗೂ ವಾರಂಟೇ?

ಮನುಷ್ಯನ ಮನೆಯನ್ನು ಶೋಧಿಸಬಹುದು, ಜೇಬನ್ನು ತಡಕಬಹುದು, ದೂರವಾಣಿಯನ್ನು ಕದ್ದಾಲಿಸಬಹುದು. ಆದರೆ ಅವನ ಮನಸ್ಸಿನೊಳಗೆ ಇಣುಕಲು ಯಾವ ಅಧಿಕಾರಿಗೂ ಸಾಧ್ಯವಿಲ್ಲ ಎಂಬ ನಂಬಿಕೆಯ ಮೇಲೆಯೇ ಜಗತ್ತು ಇಷ್ಟು ಕಾಲ ನಡೆದುಬಂದಿದೆ. ಆ ನಂಬಿಕೆ ಮುರಿದುಬಿದ್ದರೆ ಏನಾದೀತು? ಅಮೆರಿಕದ ಲೇಖಕ ಆಲ್ಫ್ರೆಡ್ ಬೆಸ್ಟರ್ ಈ ಪ್ರಶ್ನೆಯನ್ನೇ ಎತ್ತಿಕೊಂಡು ‘ದಿ ಡೆಮಾಲಿಷ್ಡ್ ಮ್ಯಾನ್’ ಎಂಬ ರೋಮಾಂಚಕ ಕಾದಂಬರಿಯನ್ನು ಬರೆದರು. 1953ರಲ್ಲಿ ಮೊತ್ತಮೊದಲ ಬಾರಿಗೆ ಹ್ಯೂಗೋ ಪ್ರಶಸ್ತಿಗಳನ್ನು ನೀಡಿದಾಗ ಅತ್ಯುತ್ತಮ ಕಾದಂಬರಿಯೆಂದು ಆಯ್ಕೆಯಾದದ್ದು ಇದೇ ಕೃತಿ.

ಆ ಕಥೆಯ ಕಾಲ 24ನೇ ಶತಮಾನ. ಇತರರ ಮನಸ್ಸನ್ನು ಓದಬಲ್ಲವರು ಪೊಲೀಸ್ ಇಲಾಖೆಯಲ್ಲಿಯೂ ಇದ್ದಾರೆ. ಆದ್ದರಿಂದ ಯೋಜಿತ ಕೊಲೆಯೆಂಬುದೇ ಅಪರೂಪ. ಆದರೂ ಶ್ರೀಮಂತ ಉದ್ಯಮಿಯೊಬ್ಬ ತನ್ನ ಪ್ರತಿಸ್ಪರ್ಧಿಯನ್ನು ಕೊಲ್ಲುತ್ತಾನೆ. ಮನಸ್ಸನ್ನು ಓದಬಲ್ಲ ಅಧಿಕಾರಿಗೆ ಕೊಲೆಗಾರ ಯಾರೆಂದು ಬೇಗನೆ ತಿಳಿಯುತ್ತದೆ. ಆದರೆ ಬಂಧಿಸುವಂತಿಲ್ಲ! ಏಕೆಂದರೆ ಮನಸ್ಸಿನಿಂದ ಓದಿದ್ದನ್ನು ಅಲ್ಲಿನ ನ್ಯಾಯಾಲಯ ಸಾಕ್ಷ್ಯವೆಂದು ಒಪ್ಪುವುದಿಲ್ಲ. ಉದ್ದೇಶ, ವಿಧಾನ, ಅವಕಾಶ ಈ ಮೂರನ್ನೂ ಬೇರೆ ಪುರಾವೆಗಳಿಂದಲೇ ಸಾಬೀತುಪಡಿಸಬೇಕು. ಅಷ್ಟೇ ಅಲ್ಲ, ಕೊಲೆಯ ಉದ್ದೇಶದ ಕುರಿತು ಆ ಅಧಿಕಾರಿಯ ಗ್ರಹಿಕೆಯೂ ಕೊನೆಗೆ ತಪ್ಪಾಗಿರುತ್ತದೆ. ಮನಸ್ಸನ್ನು ಓದಬಲ್ಲವನೂ ಎಡವಬಲ್ಲ ಎಂಬುದು ಲೇಖಕರ ಎಚ್ಚರಿಕೆ.

ಕಲ್ಪನೆಯ ಲೋಕಕ್ಕೆ ಇದ್ದ ಈ ಸಂಯಮ ವಾಸ್ತವ ಲೋಕಕ್ಕೆ ಇತ್ತೇ? ನಮ್ಮ ದೇಶದ ಅನುಭವವನ್ನೇ ನೋಡೋಣ. ಈ ಶತಮಾನದ ಮೊದಲ ದಶಕದಲ್ಲಿ ಮಂಪರು ಪರೀಕ್ಷೆ, ಬ್ರೈನ್ ಮ್ಯಾಪಿಂಗ್, ಸುಳ್ಳು ಪತ್ತೆ ಯಂತ್ರ ಎಂಬ ಪದಗಳು ಪತ್ರಿಕೆಗಳ ನಿತ್ಯದ ಸುದ್ದಿಯಾಗಿದ್ದವು. ಆರೋಪಿಯ ರಕ್ತನಾಳಕ್ಕೆ ಸೋಡಿಯಂ ಪೆಂಟೋಥಾಲ್ ಚುಚ್ಚಿ, ಅರೆಪ್ರಜ್ಞಾವಸ್ಥೆಯಲ್ಲಿ ಆತ ಬಡಬಡಿಸಿದ್ದೇ ಸತ್ಯವೆಂದು ಬಿಂಬಿಸಲಾಯಿತು. ನಕಲಿ ಛಾಪಾಕಾಗದ ಹಗರಣದ ಅಬ್ದುಲ್ ಕರೀಂ ತೆಲಗಿಯ ಮಂಪರು ಪರೀಕ್ಷೆಯ ದೃಶ್ಯಗಳು 2006ರಲ್ಲಿ ಟಿವಿ ವಾಹಿನಿಗಳಲ್ಲಿ ಬಿತ್ತರಗೊಂಡವು. ತೆಲಗಿ ಅಪರಾಧಿಯೆಂದು ಸಾಬೀತಾದುದು ಬೇರೆ ಮಾತು. ಆದರೆ ಪ್ರಜ್ಞೆಯಿಲ್ಲದ ಮನುಷ್ಯನ ಮಾತುಗಳನ್ನು ಸಂಜೆಯ ಮನರಂಜನೆಯಾಗಿಸಿದ ಹಕ್ಕನ್ನು ಯಾರು ಯಾರಿಗೆ ಕೊಟ್ಟಿದ್ದರು?

2008ರಲ್ಲಿ ಪುಣೆಯ ನ್ಯಾಯಾಲಯವೊಂದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ತಲೆಗೆ ವಿದ್ಯುದ್ವಾರಗಳ ಟೊಪ್ಪಿ ತೊಡಿಸಿ, ಕಣ್ಣು ಮುಚ್ಚಿ ಕೂರಿಸಿ, ಘಟನೆಯ ವಾಕ್ಯಗಳನ್ನು ಓದಿ ಹೇಳುತ್ತಾ ಮೆದುಳಿನ ತರಂಗಗಳನ್ನು ದಾಖಲಿಸುವ ಪರೀಕ್ಷೆಯನ್ನು ಕೊಲೆ ಮೊಕದ್ದಮೆಯ ಪುರಾವೆಗಳಲ್ಲಿ ಒಂದಾಗಿ ಪರಿಗಣಿಸಿ ಯುವತಿಯೊಬ್ಬಳಿಗೆ ಜೀವಾವಧಿ ಶಿಕ್ಷೆ ವಿಧಿಸಲಾಯಿತು. ಅದೇ ವರ್ಷ ಬೆಂಗಳೂರಿನ ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿಯು ಇಂತಹ ಮೆದುಳಿನ ಪರೀಕ್ಷೆಗಳು ವೈಜ್ಞಾನಿಕವಲ್ಲವೆಂದು ಅಭಿಪ್ರಾಯಪಟ್ಟಿತು. ವಿಪರ್ಯಾಸ ನೋಡಿ. ಮನಸ್ಸನ್ನು ನಿಜವಾಗಿ ಓದಬಲ್ಲ ಕಾಲ್ಪನಿಕ ಸಮಾಜವು ಅದನ್ನು ಸಾಕ್ಷ್ಯವಾಗಿಸಲು ಒಪ್ಪಲಿಲ್ಲ. ಓದಲಾಗದ ಯಂತ್ರವನ್ನು ನಾವು ನಂಬಿದೆವು.

ಇದಕ್ಕೆ ತಡೆಯೊಡ್ಡಿದ್ದು ನಮ್ಮ ರಾಜ್ಯದ ಹೆಸರಿನಲ್ಲಿಯೇ ಇರುವ ತೀರ್ಪು. 2010ರ ಮೇ 5ರಂದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಯಾರನ್ನೂ ಬಲವಂತವಾಗಿ ಇಂತಹ ಪರೀಕ್ಷೆಗಳಿಗೆ ಗುರಿಪಡಿಸುವಂತಿಲ್ಲ ಎಂದು ಸ್ಪಷ್ಟಪಡಿಸಿತು. ತನ್ನ ವಿರುದ್ಧ ತಾನೇ ಸಾಕ್ಷಿಯಾಗದಿರುವ 20(3)ನೇ ವಿಧಿಯ ಹಕ್ಕು, 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯ ಈ ತೀರ್ಪಿನ ಆಧಾರ. 2017ರಲ್ಲಿ ಪುಟ್ಟಸ್ವಾಮಿ ಪ್ರಕರಣದಲ್ಲಿ ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಆದರೂ ಆಸೆ ಸತ್ತಿಲ್ಲ. ಆರೋಪಿಗಳಿಗೆ ಮಂಪರು ಪರೀಕ್ಷೆ ನಡೆಸುವ ತನಿಖಾಧಿಕಾರಿಯ ಪ್ರಸ್ತಾವವನ್ನು ಪಟ್ನಾ ಹೈಕೋರ್ಟ್ ಒಪ್ಪಿಕೊಂಡ ಆದೇಶವನ್ನು 2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ರದ್ದುಪಡಿಸಬೇಕಾಯಿತು. ಹದಿನೈದು ವರ್ಷಗಳ ಬಳಿಕವೂ ಅದೇ ಪಾಠವನ್ನು ಮತ್ತೆ ಹೇಳಬೇಕಾದ ಸ್ಥಿತಿ!

ವಿಜ್ಞಾನವಂತೂ ನಿಂತಿಲ್ಲ. 2023ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾನಿಲಯದ ಸಂಶೋಧಕರು ಮೆದುಳಿನ ಸ್ಕ್ಯಾನ್‌ನಿಂದ, ವ್ಯಕ್ತಿ ಕೇಳಿದ ಕಥೆಯ ಸಾರಾಂಶವನ್ನು ಪದಗಳಲ್ಲಿ ಹೊರತೆಗೆದರು. ಅದಕ್ಕಾಗಿ ಆ ವ್ಯಕ್ತಿ ಸುಮಾರು 16 ಗಂಟೆಗಳ ಕಾಲ ಯಂತ್ರದೊಳಗೆ ಮಲಗಿ ಸಹಕರಿಸಬೇಕಿತ್ತು. ಆತ ಬೇಕೆಂದೇ ಬೇರೇನನ್ನೋ ಯೋಚಿಸಿದರೆ ಯಂತ್ರ ಸೋಲುತ್ತಿತ್ತು. ಮಾತು ಕಳೆದುಕೊಂಡ ರೋಗಿಗಳಿಗೆ ಇಂತಹ ಸಂಶೋಧನೆ ವರವಾಗಬಹುದು. ಅದನ್ನು ನಾವು ವಿರೋಧಿಸಬೇಕಿಲ್ಲ. ಆದರೆ ಇಂದು ಸಹಕಾರವನ್ನು ಬೇಡುವ ಯಂತ್ರ ನಾಳೆಯೂ ಬೇಡುತ್ತದೆಂಬ ಖಾತರಿಯಿಲ್ಲ. ಚಿಲಿ ದೇಶ ಇದನ್ನು ಅರಿತು 2021ರಲ್ಲಿಯೇ ಮೆದುಳಿನ ಚಟುವಟಿಕೆ ಮತ್ತು ಅದರ ಮಾಹಿತಿಯ ರಕ್ಷಣೆಯನ್ನು ಸಂವಿಧಾನಕ್ಕೆ ಸೇರಿಸಿತು. ನಮ್ಮ ಶಾಸಕಾಂಗಕ್ಕೆ ಈ ಚರ್ಚೆ ಯಾವಾಗ ತುರ್ತೆನಿಸುವುದು?

ಕಾನೂನು ಬರುವ ತನಕ ನಾಗರಿಕರಾದ ನಾವು ಕನಿಷ್ಠ ಇರುವ ಹಕ್ಕನ್ನಾದರೂ ತಿಳಿದಿರಬೇಕು. ಪರೀಕ್ಷೆಗೆ ಒಪ್ಪಿಗೆ ನೀಡುವ ಮುನ್ನ ವಕೀಲರ ನೆರವು ಪಡೆಯಬಹುದು. ಒಪ್ಪಿಗೆಯನ್ನು ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಬೇಕು. ಒಪ್ಪಿ ಪರೀಕ್ಷೆಗೆ ಒಳಗಾದರೂ ಅದರ ಫಲಿತಾಂಶವೇ ಸಾಕ್ಷ್ಯವಾಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಒಲ್ಲೆ ಎನ್ನಬಹುದು. ‘ತಪ್ಪು ಮಾಡದವನಿಗೆ ಭಯವೇಕೆ, ಪರೀಕ್ಷೆಗೆ ಒಪ್ಪಬಾರದೇ?’ ಎಂದು ಕೇಳುವವರು ನಮ್ಮ ನೆರೆಹೊರೆಯಲ್ಲಿ, ಬಂಧುಬಳಗದಲ್ಲಿಯೂ ಇದ್ದಾರೆ. ತಪ್ಪು ಮಾಡದವನ ಮನಸ್ಸಿನಲ್ಲಿಯೂ ಕೋಪವಿದೆ, ಭಯವಿದೆ, ಯಾರಿಗೂ ಹೇಳದ ನೋವಿದೆ. ಅವು ಅಪರಾಧಗಳಲ್ಲ. ಕೃತ್ಯಕ್ಕೆ ಶಿಕ್ಷೆ ಕೊಡಬಹುದೇ ಹೊರತು ಯೋಚನೆಗಲ್ಲ. ಈ ಗೆರೆಯನ್ನು ಅಳಿಸಲು ನಾವು ಒಪ್ಪಿದರೆ, ಮನಸ್ಸನ್ನು ಓದುವ ಯಂತ್ರ ಬರುವ ಮೊದಲೇ ನಮ್ಮ ಸ್ವಾತಂತ್ರ್ಯ ಹೊರಟುಹೋಗಿರುತ್ತದೆ.